ಅರ್ಥ್ ಸರಿಯಿಲ್ಲ

ಆಯನೂರು ದಾಟುವಷ್ಟರಲ್ಲಿ ಎರಡು ಸಲ ಫೋನು.
"ಶಾಹಿದಾ ಅವರೇ, ಮತ್ತೆ ಹೋಯ್ತು."
ಏನು ಹೋಯ್ತು ಅಂತ ಕೇಳಲಿಲ್ಲ ನಾನು.
ರಿಪ್ಪನ್‌ಪೇಟೆಯ ಸಹಕಾರಿ ಬ್ಯಾಂಕಿನಲ್ಲಿ
ಹದಿನೈದು ದಿನದಿಂದ ಹೋಗುತ್ತಿರುವುದು ಒಂದೇ:

ಕ್ಯಾಶ್ ಕೌಂಟರಿನ ಹಿಂದೆ, ಹಳೇ ಲೆಡ್ಜರುಗಳ ಮೇಲೆ
ಬುತ್ತಿ ಡಬ್ಬಿಯಷ್ಟು ಕಪ್ಪು ಪೆಟ್ಟಿಗೆ.
ಫೈರ್‌ವಾಲ್ ಅಂತ ಹೆಸರು.
"ಬೆಂಕಿಯೂ ಅಲ್ಲ, ಗೋಡೆಯೂ ಅಲ್ಲ,
ವರ್ಷಕ್ಕೆ ಅಷ್ಟು ದುಡ್ಡು ಮಾತ್ರ ತಿನ್ನತ್ತೆ" ಎಂದರು ಪೈ ಮೇಡಮ್.
ಎದುರು ಬೆಂಚಿನಲ್ಲಿ ಲೋಬೊ ಮಾಸ್ತರು
ಪಾಸ್‌ಬುಕ್ಕಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು,
ಪಿಂಚಣಿ ಬಂತೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ
ಬೆಳಗಿನಿಂದ ಕೂತವರು.

ಮೊದಲು ಕಣ್ಣು. ಪವರ್ ದೀಪ ಹಸಿರು.
ಅದರ ಪಕ್ಕದ್ದು ಕಿತ್ತಳೆ: ಮಿಣುಕಿ, ಸತ್ತು, ಮಿಣುಕಿ.
ಆಮೇಲೆ ಮೂಗು. ಸುಟ್ಟ ವಾಸನೆಯಿಲ್ಲ.
ಆಮೇಲೆ ಬೆರಳು. ಅಡಾಪ್ಟರು ಬೆಚ್ಚಗಿತ್ತು,
ಮಲಗಿದ ಬೆಕ್ಕಿನ ಹೊಟ್ಟೆಯಷ್ಟು, ಹೆಚ್ಚಿಲ್ಲ.
ಪಿನ್ನಿನ ತುದಿಯಲ್ಲಿ ಹನ್ನೆರಡು ವೋಲ್ಟ್, ಹದವಾಗಿ.
ಕೇಬಲ್ ಬದಲಿಸಿದೆ. ಪೋರ್ಟ್ ಬದಲಿಸಿದೆ.
ಮೋಡೆಮ್ಮಿಗೆ ನನ್ನದೇ ಲ್ಯಾಪ್‌ಟಾಪ್ ಚುಚ್ಚಿದೆ.
ಲೈನು ಬಂತು. ತಪ್ಪು ಲೈನಿನದಲ್ಲ.

ಹೆಲ್ಪ್‌ಲೈನಿನ ಹುಡುಗ ತನಗೆ ಗೊತ್ತಿದ್ದ ಮಂತ್ರ ಹೇಳಿದ:
ಆಫ್ ಮಾಡಿ, ಮೂವತ್ತು ಎಣಿಸಿ, ಆನ್ ಮಾಡಿ.
ಎಣಿಸಿದೆ. ಇಪ್ಪತ್ತೆರಡಕ್ಕೆ ಮಾಸ್ತರೂ ಸೇರಿಕೊಂಡರು,
ಮೂರನೇ ಕ್ಲಾಸಿನ ಮಗ್ಗಿಯ ದನಿಯಲ್ಲಿ.
ಎದ್ದಿತು ಪೆಟ್ಟಿಗೆ. ನಾಲ್ಕು ನಿಮಿಷ ಬದುಕಿತು.
ಅವರ ಪಾಸ್‌ಬುಕ್ಕಿನಲ್ಲಿ ಅರ್ಧ ಸಾಲು ಮುದ್ರಿಸಿ
ಮತ್ತೆ ಮಲಗಿತು.

ಕನ್ಸೋಲ್ ಹಾಕಿ ಲಾಗ್ ಬಿಚ್ಚಿದೆ.
ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ,
ಬಿಡಿಸಿ ಹೇಳಲೂ ಬರುವುದಿಲ್ಲ.
ನಿನ್ನೆ ಎರಡು ಹತ್ತು. ಎರಡು ಹದಿನಾರು. ಎರಡು ನಲವತ್ತು.
ಮೊನ್ನೆಯೂ ಎರಡರ ಮೇಲೆಯೇ.
ಸೋಮವಾರ ಮಾತ್ರ ಇಡೀ ದಿನ ಖಾಲಿ.
"ಸೋಮವಾರ ಏನಿತ್ತು ಮೇಡಮ್?"
"ಏನೂ ಇಲ್ಲಪ್ಪ. ಪಕ್ಕದ ಹೋಟ್ಲು ರಜ."

ಗೋಡೆಗೆ ಕಿವಿಯಿಟ್ಟೆ.
ಆಚೆ ಬದಿಯಲ್ಲಿ ಗುರ್ ಎನ್ನುತ್ತ
ನಾಳೆ ಬೆಳಗಿನ ಇಡ್ಲಿ ತಿರುಗುತ್ತಿತ್ತು.
ಸಾಕೆಟ್ಟಿಗೆ ಮೀಟರಿನ ಎರಡು ಕಡ್ಡಿ ಇಟ್ಟೆ.
ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮೂವತ್ತೊಂದು,
ಎರಡಿದ್ದರೇ ಹೆಚ್ಚು ಎನ್ನುವ ಜಾಗದಲ್ಲಿ.
"ಅರ್ಥ್ ಸರಿಯಿಲ್ಲ" ಎಂದೆ.
"ಯಾವುದಕ್ಕಿದೆ ಹೇಳಿ ಸರಿಯಾದ ಅರ್ಥ"
ನೋಟು ಎಣಿಸುತ್ತಲೇ ಅಂದರು ಮೇಡಮ್.

ಹಿತ್ತಿಲಲ್ಲಿ ಜಂಬಿಟ್ಟಿಗೆ ಮಣ್ಣು,
ಮುಂಗಾರು ಬಂದರೂ ಕುಡಿದು ಮರೆಯುವ ಜಾತಿ. ಈಗ ಏಪ್ರಿಲ್.
ಸಿಮೆಂಟಿನ ಮುಚ್ಚಳ ಎತ್ತಿದರೆ
ಉಪ್ಪು, ಇದ್ದಿಲು, ಎಲ್ಲ ನಶ್ಯದ ಹಾಗೆ ಪುಡಿ.
ಪಕ್ಕದಲ್ಲಿ ನಾಲ್ಕು ಕೋಲಿನ ಚಪ್ಪರ,
ಅದನ್ನು ಅಪ್ಪಿಕೊಂಡೇ ಒಣಗಿದ ಒಂದು ಬಳ್ಳಿ.
"ಇಲ್ಲಿಗೆ ನೀರು ಯಾರು ಹಾಕ್ತಿದ್ರು?"
ಯಾರೂ ಇಲ್ಲ ಎಂದರು.
ಸ್ವಲ್ಪ ತಡೆದು: "ಗಾಮಪ್ಪ ಇದ್ದ. ಪ್ಯೂನು.
ಮಾರ್ಚ್ ಕೊನೆಗೆ ರಿಟೈರಾದ."

ಸ್ಪೀಕರಿನಲ್ಲಿ ಗಾಮಪ್ಪ, ಹಿಂದೆಲ್ಲೋ ಕೋಳಿ ಕೂಗು:
"ಅರ್ಥೂ ಗಿರ್ಥೂ ನಂಗೊತ್ತಿಲ್ಲ ಕಣವ್ವ.
ಬಸಳೆಗೆ ಹಾಕ್ತಿದ್ದೆ. ದಿನಾ ಎರಡು ಕೊಡ,
ಇಪ್ಪತ್ತು ವರ್ಷದಿಂದ.
ಯಾಕೆ, ಬಳ್ಳಿ ಹೆಂಗಿದೆ?"

ಯಾರೂ ಮಾತಾಡಲಿಲ್ಲ.
ಮಾಸ್ತರು ಪಾಸ್‌ಬುಕ್ಕನ್ನು ಜೇಬಿಗಿಳಿಸಿ ಕೊಡ ತಂದರು.
ಮೊದಲನೆಯದನ್ನು ಗುಂಡಿ ಸದ್ದಿಲ್ಲದೆ ಕುಡಿಯಿತು.
ಎರಡನೆಯದಕ್ಕೆ ಗುಳುಗುಳು ಅಂದಿತು.
ನಾಲ್ಕನೆಯದು ಮೇಲೆ ನಿಂತಿತು.
ಮೀಟರು: ಇಪ್ಪತ್ತು. ಹನ್ನೊಂದು. ಆರು.
ಎರಡರ ಹತ್ತಿರ ಬಂದು ಕೂತಿತು.
ಗೋಡೆಯಾಚೆ ಗ್ರೈಂಡರು ತಿರುಗುತ್ತಲೇ ಇತ್ತು.
ಮಾಸ್ತರ ಉಳಿದರ್ಧ ಸಾಲು ಮುದ್ರಣವಾಯಿತು:
ಪಿಂಚಣಿ ಇನ್ನೂ ಬಂದಿರಲಿಲ್ಲ.

ಕಂಪನಿಯ ಫಾರಮ್ಮಿನಲ್ಲಿ, ಬದಲಿಸಿದ ಬಿಡಿಭಾಗ ಎಂಬ ಕಡೆ
ಅಡಾಪ್ಟರು ಇದೆ, ಕೇಬಲ್ ಇದೆ, ಬೋರ್ಡು ಇದೆ.
ನೀರು ಇಲ್ಲ.
'ಇತರೆ' ಒತ್ತಿದೆ. ನಲವತ್ತು ಅಕ್ಷರ ಕೊಟ್ಟಿದ್ದರು.
ಬರೆದೆ:
ದಿನಾ ಎರಡು ಕೊಡ. ಬಸಳೆ ನೆಡುವುದು.